ಆರು ದಿನ ಮುಂಚೆ ಹುಟ್ಟಿದವಳು

ದೇವರಾಯಸಮುದ್ರ
16 ಜೂನ್ 2024

ಶ್ರೀಮತಿ ಮಹಾರಾಣಿ ರಂಜಿತಮ್ಮನವರ ಪಾದಗಳಿಗೆ,

ನಿನ್ನ ಕ್ರೀಡಾ ಹಾಸ್ಟೆಲಿನಲ್ಲಿ ಫೋನು ಕೊಡುವುದಿಲ್ಲವಂತೆ. ಭಾನುವಾರ ಮಾತ್ರ, ಅದೂ ಅಪ್ಪ ಅಮ್ಮನ ಜೊತೆ ಮಾತ್ರವಂತೆ. ನಮ್ಮಂಥ ದೊಡ್ಡಮ್ಮನ ಮಕ್ಕಳು ಕಾಗದವನ್ನೇ ಬರೆಯಬೇಕು. ಅದಕ್ಕೆ ಅಂಚೆ ಕಚೇರಿಗೆ ಹೋಗಿ ಕವರು ತಂದೆ. ಕೌಂಟರಿನಲ್ಲಿದ್ದಾತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರಿಗಮ್ಮಾ, ಲವ್ ಲೆಟರಾ?" ಎಂದ. "ಹೂಂ, ನಿಮ್ಮಪ್ಪನಿಗೆ" ಎಂದೆ.

ನೀನು ಹೋದದ್ದಕ್ಕೆ ಊರಿಗೆಲ್ಲ ಸಂತೋಷ. ಶ್ರೀನಿವಾಸಪುರದಿಂದ ನಿಮ್ಮಪ್ಪ ಕೋದಂಡರಾಮಪ್ಪನವರು ಒಂದು ಕ್ರೇಟು ಬಾದಾಮಿ ಮಾವು ಹೊತ್ತು ತಂದು, ಅಜ್ಜಿ ಮನೆಯಲ್ಲಿದ್ದು ನಾವಿಬ್ಬರೂ ಓದಿದ ಶಾಲೆಯಲ್ಲಿ ಹಂಚಿದರು. ನಾನೂ ತಿಂದೆ. ಚೆನ್ನಾಗಿತ್ತು. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯಿತು. ಕೋಲಾರದ ಆಯ್ಕೆಯ ದಿನ ನಿನಗಿಂತ ನಾನೇ ಬೇಗ ಓಡಿದ್ದು. ಪಿ.ಟಿ. ಮೇಷ್ಟ್ರು ಉಮಾಶಂಕರ್ ಸರ್ ಕೈಯಲ್ಲಿ ವಾಚು ಇತ್ತು, ಅವರನ್ನೇ ಕೇಳು. ನೀನು 2011ರಲ್ಲಿ ಹುಟ್ಟಿದವಳು, ಹದಿನಾಲ್ಕರ ಒಳಗಿನವರ ಸಾಲಿನಲ್ಲಿ ನಿಂತೆ. ನಿನ್ನ ಪಕ್ಕದಲ್ಲಿದ್ದವರೆಲ್ಲ ನಿನ್ನ ಭುಜಕ್ಕೆ ಬರುವ ಚಿಳ್ಳೆಪಿಳ್ಳೆಗಳು, ನೀನು ಫಸ್ಟು. ನಾನು 2010ರ ಡಿಸೆಂಬರ್ ಇಪ್ಪತ್ತೆಂಟು. ನನ್ನನ್ನು ಹದಿನಾರರ ಒಳಗಿನವರ ಜೊತೆ ನಿಲ್ಲಿಸಿದರು. ಕೆಲವರಿಗೆ ಮೀಸೆ ಒಂದು ಬಂದಿರಲಿಲ್ಲ ಅಷ್ಟೆ. ನಾಲ್ಕನೆಯವಳಾದೆ. ತೆಗೆದುಕೊಂಡದ್ದು ಇಬ್ಬರನ್ನು.

ನಿನ್ನೆ ಅಜ್ಜಿಗೆ ನೇರವಾಗಿ ಕೇಳಿಬಿಟ್ಟೆ. "ದೊಡ್ಡಗಂಗಮ್ಮನೋರೇ, ನನ್ನ ಯಾಕೆ ಬೇಗ ಹೊರಗೆ ಎಳೆಸಿದ್ರಿ?" ಅಂತ. ನಿನಗೂ ಗೊತ್ತಿರುವ ಕಥೆಯೇ. ನಮ್ಮಮ್ಮ, ನಿಮ್ಮಮ್ಮ ಇಬ್ಬರೂ ಹೆರಿಗೆಗೆ ತವರಿಗೆ ಬಂದಿದ್ದರು, ಇಬ್ಬರಿಗೂ ಡಾಕ್ಟರು ಹೇಳಿದ್ದು ಹೊಸ ವರ್ಷದ ಮೊದಲ ವಾರ. ಅಜ್ಜಿ ಜೋಯಿಸರನ್ನು ಕೇಳಿದರೆ, ಆ ದಿನಗಳಲ್ಲಿ ಮೂಲಾ ನಕ್ಷತ್ರ, ಹೆಣ್ಣಾದರೆ ಮಾವನ ತಲೆಗೆ ಬರುತ್ತೆ ಎಂದರಂತೆ. ಅದಕ್ಕೆ ಮುಳಬಾಗಿಲಿನ ನರ್ಸಿಂಗ್ ಹೋಮಿನಲ್ಲಿ, ಹಸ್ತಾ ನಕ್ಷತ್ರ ನೋಡಿ, ನಮ್ಮಮ್ಮನ ಹೊಟ್ಟೆ ಕುಯ್ಯಿಸಿದರು. ನಿಮ್ಮಮ್ಮ ಸುನಂದ ಚಿಕ್ಕಮ್ಮ ಕತ್ತಿಗೆ ಹೆದರಿ ಹಿತ್ತಲಿನಲ್ಲಿ ಅಡಗಿ ಕೂತರಂತೆ. ಆರು ದಿನ ಆದ ಮೇಲೆ ನೀನಾಗಿ ನೀನೇ ಬಂದೆ, ಸರಿಯಾಗಿ ಮೂಲಾ ನಕ್ಷತ್ರದಲ್ಲಿ, ಜನವರಿ ಮೂರಕ್ಕೆ. ನಿನ್ನನ್ನು ನೋಡಿ ಅಜ್ಜಿ ಅತ್ತಳಂತೆ.

ಈಗ ಅಜ್ಜಿ ಏನಂದಳು ಗೊತ್ತಾ? "ತಾನೊಂದು ಬಗೆದರೆ ದೈವವೊಂದು ಬಗೀತು ಕಣೇ. ನಾನು ನಿನ್ನ ಮಾವನ್ನ ಉಳಿಸೋಕೆ ಹೋದೆ, ಈ ಓಟದೋರು ಪಂಚಾಂಗ ನೋಡಲ್ಲ, ಕ್ಯಾಲೆಂಡರ್ ನೋಡ್ತಾರೆ ಅಂತ ನನಗೇನಮ್ಮಾ ತೆಲುಸು!"

ಇನ್ನೂ ಯಾರೆಂದೇ ಗೊತ್ತಿಲ್ಲದ ಮಾವ ಬದುಕಿಕೊಂಡ. ನಾನು ಕೆರೆ ಏರಿಯ ಮೇಲೆ ಒಬ್ಬಳೇ ಓಡುತ್ತಿದ್ದೇನೆ.

ಬರೆಯುವುದಾದರೆ ಬರೆ.

ಅನಿತ

*

ಹಾಸ್ಟೆಲ್
11 ಜುಲೈ 2024

ಅನಿತಕ್ಕಾ,

ನಿನ್ನ ಕಾಗದ ನೋಡಿ ನಕ್ಕೆ, ಆಮೇಲೆ ಅತ್ತೆ, ಆಮೇಲೆ ವಾರ್ಡನ್ ಬೈದರು.

ಇಲ್ಲಿ ಕೆಂಪು ಟ್ರ್ಯಾಕು ಇದೆ, ಕಾಲಿಟ್ಟರೆ ಹಾಸಿಗೆಯ ಹಾಗೆ ಮೇಲಕ್ಕೆ ತಳ್ಳುತ್ತದೆ. ಬೆಳಿಗ್ಗೆ ಮೊಟ್ಟೆ, ಹಾಲು, ಸಂಜೆ ಬಾಳೆಹಣ್ಣು. ಸ್ಪೈಕ್ಸ್ ಷೂ ಕೊಟ್ಟಿದ್ದಾರೆ. ಕೋಚ್ ಚಂದನ ಮೇಡಂ ನನ್ನನ್ನು ಎಲ್ಲರೆದುರು ನಿಲ್ಲಿಸಿ, "ಇವಳ ಕಾಲು ನೋಡಿ, ಹುಟ್ಟಾ ಓಟಗಾರ್ತಿ" ಎಂದರು. ನನಗೆ ಮುದ್ದೆ ತಿಂದು ಬೆಳೆದ ಕಾಲು ಅಂತ ಹೇಳಬೇಕು ಅನ್ನಿಸಿತು, ಹೇಳಲಿಲ್ಲ.

ಒಂದು ತಮಾಷೆ ಕೇಳು. ಇಲ್ಲಿ ಹುಟ್ಟುಹಬ್ಬದ ಚಾರ್ಟು ಗೋಡೆಗೆ ಅಂಟಿಸಿದ್ದಾರೆ. ನಮ್ಮ ಕೋಣೆಯವರದ್ದೆಲ್ಲ ಜನವರಿ, ಫೆಬ್ರವರಿ, ಮಾರ್ಚಿ. ಒಬ್ಬಳದ್ದು ಏಪ್ರಿಲ್. ವಾರ್ಡನ್ ಹೇಳಿದರು, "ಈ ಹಾಸ್ಟೆಲಲ್ಲಿ ದೀಪಾವಳಿ ಆದಮೇಲೆ ಹೊಸ ವರ್ಷದವರೆಗೆ ಕೇಕ್ ಕತ್ತರಿಸಿದ್ದೇ ಇಲ್ಲಮ್ಮ" ಅಂತ. ಜನವರಿಯಲ್ಲಿ ಮಾತ್ರ ದಿನಾ ಕೇಕಂತೆ! ನಾನು ಕಾಯುತ್ತಿದ್ದೇನೆ.

ನಿನಗೆ ನನ್ನ ಹಳೆಯ ಷೂ ಕಳಿಸಲಾ? ಇನ್ನೂ ಚೆನ್ನಾಗಿವೆ.

ಅಜ್ಜಿಗೆ ನಮಸ್ಕಾರ. ಏರಿಯ ಮೇಲೆ ನಾಯಿಗಳಿವೆ, ಜೋಪಾನ.

ನಿನ್ನ ರಂಜಿತ

*

ದೇವರಾಯಸಮುದ್ರ
2 ಡಿಸೆಂಬರ್ 2024

ರಂಜಿತ,

ತಡವಾಗಿ ಬರೆಯುತ್ತಿದ್ದೇನೆ. ಕೇಕಿನ ಕಾಗದ ಓದಿ ಬರೆಯಬೇಕು ಅನ್ನಿಸಲಿಲ್ಲ. ಡಿಸೆಂಬರಿನವಳಿಗೆ ಜನವರಿಯ ಕೇಕಿನ ವರ್ಣನೆ ಮಾಡುತ್ತೀಯಲ್ಲ, ಗಾಯದ ಮೇಲೆ ಬರೆ ಹಾಕುವುದನ್ನು ಹಾಸ್ಟೆಲಿನಲ್ಲೇ ಕಲಿಸಿದರೇನು? ಷೂ ಬೇಡ. ನಿನ್ನ ಕಾಲು ಹೋದಲ್ಲೆಲ್ಲ ನನ್ನ ಕಾಲು ತೂರಬೇಕಾಗಿಲ್ಲ.

ಮಾಲೂರಿನಲ್ಲಿ ಜಿಲ್ಲಾ ಕ್ರೀಡಾಕೂಟ ಆಯಿತು. ಇನ್ನೂರು ಮೀಟರು ಓಡಿದೆ. ಆರನೆಯವಳು. ಗೆದ್ದವಳು ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಅವಳ ಒಂದು ಹೆಜ್ಜೆ ನನ್ನ ಒಂದೂವರೆ. ನಮ್ಮಪ್ಪ ವೆಂಕಟರಮಣಪ್ಪನವರು ಹೋಳೂರಿನಿಂದ ರೇಷ್ಮೆ ಹುಳುವಿಗೆ ಸೊಪ್ಪು ಹಾಕುವುದನ್ನೂ ಬಿಟ್ಟು ನೋಡಲು ಬಂದಿದ್ದರು. ಬಸ್ಸಿನಲ್ಲಿ ವಾಪಸು ಬಂದೆವು. ಕೋಲಾರದಲ್ಲಿ ಇಳಿದಾಗ, "ಬೋಂಡ ತಿಂತೀಯಾ?" ಎಂದರು. ಬೇಡ ಎಂದೆ. ಅವರೂ ತಿನ್ನಲಿಲ್ಲ.

ಉಮಾಶಂಕರ್ ಸರ್ ಮಾತ್ರ ಕೆಂಡವಾಗಿದ್ದರು. "ಇವರು ಓಟಗಾರರನ್ನ ಆರಿಸಲ್ಲ ಕಣಮ್ಮ, ವರ್ಷದ ಮೊದಲಿಗೆ ಹುಟ್ಟಿದವರನ್ನ ಆರಿಸ್ತಾರೆ. ಹನ್ನೆರಡು ಹದಿಮೂರರ ವಯಸ್ಸಿಗೆ ಹತ್ತು ತಿಂಗಳು ಅಂದ್ರೆ ಒಂದು ಗೇಣು ಎತ್ತರ. ದೊಡ್ಡದಾಗಿ ಕಂಡದ್ದಕ್ಕೆ ಪ್ರತಿಭೆ ಅಂತ ಹೆಸರಿಡ್ತಾರೆ, ಮೊಟ್ಟೆ ಹಾಲು ಕೊಟ್ಟು ಮೇಯಿಸ್ತಾರೆ, ಆಮೇಲೆ ಅದು ಗೆದ್ದರೆ ನೋಡಿ ನಾವು ಹೇಳಲಿಲ್ವಾ ಅಂತಾರೆ. ನೀನು ಬಿಡಬೇಡ. ಹದಿನಾರು ಹದಿನೇಳಕ್ಕೆ ಎಲ್ಲ ಸಮ ಆಗುತ್ತೆ" ಎಂದರು.

ಅಲ್ಲಿಯವರೆಗೆ ಮನೆಯಲ್ಲಿ ಓಡಲು ಬಿಡಬೇಕಲ್ಲ, ಅದನ್ನು ಸರ್ ಹೇಳಲಿಲ್ಲ.

ಅನಿತ

*

ಹಾಸ್ಟೆಲ್
20 ಜನವರಿ 2025

ಅಕ್ಕಾ,

ಕೇಕಿನ ವಿಷಯ ನಾನು ಹಾಗೆ ಬರೆದದ್ದಲ್ಲ. ನಿಜವಾಗಿ ವಿಚಿತ್ರ ಅನ್ನಿಸಿ ಬರೆದೆ, ಅಷ್ಟೆ. ನಿನಗೆ ಏನು ಬರೆದರೂ ಮುಳ್ಳು ಕಾಣಿಸುತ್ತದೆ.

ನನಗೆ ರಾಜ್ಯ ಮಟ್ಟದಲ್ಲಿ ಬೆಳ್ಳಿ ಬಂತು. ಪೇಪರಿನಲ್ಲಿ ಫೋಟೋ ಹಾಕಿದ್ದರು, ಅಪ್ಪ ಲ್ಯಾಮಿನೇಷನ್ ಮಾಡಿಸಿ ಮಾವಿನ ಮಂಡಿಯಲ್ಲಿ ನೇತುಹಾಕಿದ್ದಾರಂತೆ.

ಹುಟ್ಟುಹಬ್ಬದ ದಿನ ಎಲ್ಲರೂ ಕಥೆ ಹೇಳು ಎಂದರು. ನಮ್ಮಿಬ್ಬರ ಕಥೆ ಹೇಳಿದೆ. ಮೂಲಾ, ಹಸ್ತಾ, ಅಮ್ಮ ಹಿತ್ತಲಿನಲ್ಲಿ ಅಡಗಿದ್ದು, ಅಜ್ಜಿ ನನ್ನನ್ನು ನೋಡಿ ಅತ್ತದ್ದು. ಎಲ್ಲರೂ ಬಿದ್ದು ಬಿದ್ದು ನಕ್ಕರು. "ನಿನ್ನ ಮಾವ ಯಾರೋ ಪಾಪ" ಅಂತ ಈಗ ಎಲ್ಲರೂ ನನ್ನನ್ನು ಮೂಲಾ ಎಂದೇ ಕರೆಯುತ್ತಾರೆ. ನನಗೆ ಬೇಜಾರಿಲ್ಲ.

ನೀನು ಈಗ ಎಷ್ಟು ಎತ್ತರ ಆಗಿದ್ದೀಯ?

ರಂಜಿತ

*

ದೇವರಾಯಸಮುದ್ರ
24 ಆಗಸ್ಟ್ 2025

ರಂಜಿತ,

ಏಳು ತಿಂಗಳು ಬರೆಯಲಿಲ್ಲ ಎಂದು ಕೋಪ ಮಾಡಿಕೊಳ್ಳಬೇಡ. ಹತ್ತನೇ ಕ್ಲಾಸು, ಅಜ್ಜಿಗೆ ಕಣ್ಣಿನ ಆಪರೇಷನ್ನು, ಅದೂ ಇದೂ.

ನಾನು ಬೆಳೆದಿದ್ದೇನೆ ಕಣೇ. ಅಮ್ಮ ಶ್ಯಾಮಲಮ್ಮ ಯುಗಾದಿಗೆ ಹೊಲಿಸಿದ ಚೂಡಿದಾರ್ ಆಷಾಢಕ್ಕೆ ಮೊಣಕಾಲಿಗೆ ಬಂತು. ಬಾಗಿಲ ಚೌಕಟ್ಟಿಗೆ ತಲೆ ತಾಗುತ್ತೇನೋ ಎಂದು ಅಜ್ಜಿ "ಜಾಗ್ರತ್ತ, ಜಾಗ್ರತ್ತ" ಎನ್ನುತ್ತಾಳೆ. ಮುಳಬಾಗಿಲಿನ ತಾಲ್ಲೂಕು ಕೂಟದಲ್ಲಿ ಇನ್ನೂರು ಮೀಟರಿಗೆ ನಾನು ಫಸ್ಟು. ಬರಿಗಾಲಲ್ಲಿ! ಉಮಾಶಂಕರ್ ಸರ್ ವಾಚು ನೋಡಿದರು, ಕಿವಿಗೆ ಇಟ್ಟು ಅದು ಓಡುತ್ತಿದೆಯೇ ಎಂದು ಕೇಳಿದರು, ಮತ್ತೆ ನೋಡಿದರು. ಆಮೇಲೆ ಗಂಡಸರು ಅಳಬಾರದು ಎನ್ನುವ ಹಾಗೆ ಆಕಡೆ ತಿರುಗಿಕೊಂಡರು. ನೀನು ಬೆಳ್ಳಿ ತಂದೆಯಲ್ಲ, ಆ ಓಟಕ್ಕಿಂತ ಇದು ಬೇಗ.

ಅವರೇ ನಿಮ್ಮ ಹಾಸ್ಟೆಲಿಗೆ ಫೋನು ಮಾಡಿದರು, ನನ್ನ ಹೆಸರು ಹೇಳದೆ, ಹೀಗೊಬ್ಬಳು ಹುಡುಗಿ ಇದ್ದಾಳೆ ಎಂದು. ಆಫೀಸಿನವರು ಯಾವಾಗ ಹುಟ್ಟಿದ್ದು ಎಂದರು. ಹೇಳಿದರು. "ಅಯ್ಯೋ, 2010ರ ಬ್ಯಾಚ್ ಮುಗೀತು ಸಾರ್. ಹನ್ನೊಂದರ ಬ್ಯಾಚ್ ಆಗಿದ್ದರೆ ಮುಂದಿನ ಏಪ್ರಿಲ್‌ಗೆ ಕರೀತಿದ್ವಿ. ಅವರಮ್ಮ ಇನ್ನೊಂದು ವಾರ ತಡೀಬಾರದಿತ್ತಾ?" ಎಂದು ನಕ್ಕರಂತೆ.

ನಾನೂ ನಕ್ಕೆ. ಆಮೇಲೆ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿಗೆ ಬಟ್ಟೆ ಬಡಿದೆ, ಅಪ್ಪನ ಶರ್ಟಿನ ಗುಂಡಿಗಳೆಲ್ಲ ಉದುರಿದವು.

ನೀನು ಹೇಗಿದ್ದೀಯ? ಪೇಪರಿನಲ್ಲಿ ನಿನ್ನ ಹೆಸರು ಬಹಳ ದಿನದಿಂದ ಕಾಣಲಿಲ್ಲ.

ಅನಿತ

*

ಹಾಸ್ಟೆಲ್
19 ಸೆಪ್ಟೆಂಬರ್ 2025

ಅಕ್ಕಾ,

ಮೊಣಕಾಲು ಸ್ವಲ್ಪ ನೋವು. ಡಾಕ್ಟರು ರೆಸ್ಟ್ ಎಂದಿದ್ದಾರೆ, ಅದಕ್ಕೇ ಪೇಪರಿನಲ್ಲಿ ಇಲ್ಲ.

ಹೊಸದಾಗಿ ರಜನಿ ಎಂಬವಳು ಬಂದಿದ್ದಾಳೆ. ಅಕ್ಟೋಬರಿನವಳು. ಹಿಂದೆ ಎರಡು ಸಲ ಕುಳ್ಳಿ ಎಂದು ವಾಪಸು ಕಳಿಸಿದ್ದರಂತೆ. ಈಗ ಚೆನ್ನಾಗಿ ಓಡುತ್ತಾಳೆ. ಮೇಡಂ ಅವಳ ಹಿಂದೆಯೇ ಇರುತ್ತಾರೆ. ಇರಲಿ.

ನೀನು ಫಸ್ಟು ಬಂದದ್ದು ಕೇಳಿ ಖುಷಿಯಾಯಿತು. ಏಪ್ರಿಲಿನಲ್ಲಿ ನಮ್ಮ ಬ್ಯಾಚಿಗೆ ಆಯ್ಕೆ ಇರುವುದು ನಿಜ. ನೀನೂ ಹನ್ನೊಂದರಲ್ಲೇ ಹುಟ್ಟಿದ್ದರೆ! ಇಬ್ಬರೂ ಒಂದೇ ಕೋಣೆಯಲ್ಲಿ ಇರಬಹುದಿತ್ತು.

ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ.

ರಂಜಿತ

*

ದೇವರಾಯಸಮುದ್ರ
8 ಫೆಬ್ರವರಿ 2026

ರಂಜಿತ,

ಇನ್ನು ಮೇಲೆ ನನ್ನನ್ನು ಅಕ್ಕ ಎನ್ನಬೇಡ. ನಾವಿಬ್ಬರೂ ಈಗ ಒಂದೇ ದಿನ ಹುಟ್ಟಿದವರು.

ನಿನ್ನ ಕಾಗದದ "ನೀನೂ ಹನ್ನೊಂದರಲ್ಲೇ ಹುಟ್ಟಿದ್ದರೆ" ಎಂಬ ಸಾಲನ್ನು ಅಪ್ಪನಿಗೆ ಓದಿ ಹೇಳಿದೆ. ಸಂಕ್ರಾಂತಿ ಕಳೆದ ಮೇಲೆ ಮಾಲೂರಿನ ಒಬ್ಬ ಏಜೆಂಟು, ವೆಂಕಟ್ ಎಂದು, ಜನನ ಪ್ರಮಾಣಪತ್ರ ತಿದ್ದಿಸಿಕೊಡುವವನು, ಅವನನ್ನು ಅಪ್ಪ ಹಿಡಿದರು. ಅವನು, "ಬರೀ ಆರು ದಿನಕ್ಕಾ ಸಾರ್? ಜನ ಮೂರು ಮೂರು ವರ್ಷ ಇಳಿಸ್ಕೊಂಡು ಹೋಗ್ತಾರೆ, ಎಲ್ಲಕ್ಕೂ ಒಂದೇ ರೇಟು" ಎಂದನಂತೆ. ಅಪ್ಪ ಆರು ದಿನ ಸಾಕು ಎಂದರು. ಯಾವ ದಿನ ಹಾಕಲಿ ಎಂದಾಗ ಬಾಯಿಗೆ ಬಂದದ್ದು ನಿನ್ನ ದಿನ, ಜನವರಿ ಮೂರು.

ಅಜ್ಜಿ ಎರಡು ಹೊತ್ತು ಊಟ ಬಿಟ್ಟಳು. ಸುಳ್ಳು ಹೇಳಿದ್ದಕ್ಕಲ್ಲ ಕಣೇ! "ಬಂಗಾರದಂಥ ಹಸ್ತಾ ನಕ್ಷತ್ರ ಕೊಡಿಸಿದ್ದೆ, ಹೋಗಿ ಹೋಗಿ ಮೂಲಾಕ್ಕೆ ಬಿದ್ದಿರಲ್ಲೋ, ನಾಳೆ ಇವಳನ್ನ ಯಾರು ತಗೊಂತಾರೆ?" ಎಂದು ಎದೆ ಬಡಿದುಕೊಂಡಳು. ಅದು ಬರೀ ಓಟಕ್ಕೆ, ಮದುವೆಗೆ ಹಸ್ತಾನೇ ಎಂದು ಅಮ್ಮ ಸಮಾಧಾನ ಮಾಡಿದಳು.

ನನಗೆ ತಪ್ಪು ಅನ್ನಿಸುತ್ತಿಲ್ಲ ಎಂದರೆ ಸುಳ್ಳು. ಆದರೆ ನಾನು ಯಾರ ವಯಸ್ಸನ್ನೂ ಕದಿಯುತ್ತಿಲ್ಲ. ಡಾಕ್ಟರು ಹೇಳಿದ್ದ ದಿನಕ್ಕೆ ವಾಪಸು ಹೋಗುತ್ತಿದ್ದೇನೆ, ಅಷ್ಟೆ. ಇದು ನನಗೆ ಕೊನೆಯ ಅವಕಾಶ. ಇದೂ ಆಗದಿದ್ದರೆ ಓಟ ಸಾಕು, ಹೋಳೂರಿಗೆ ಬಂದು ಹುಳು ಮನೆ ನೋಡಿಕೋ ಎಂದು ಅಪ್ಪ ಹೇಳಿಯಾಗಿದೆ. ಉಮಾಶಂಕರ್ ಸರ್‌ಗೆ ಹೇಳಿಲ್ಲ, ಹೇಳಿದರೆ ಹೊಡೆಯುತ್ತಾರೆ.

ನೀನು ಮಾತ್ರ ಅಲ್ಲಿ ಬಾಯಿ ಮುಚ್ಚಿಕೊಂಡಿರು. ಆ ನಕ್ಷತ್ರದ ಕಥೆಯನ್ನು ಕೇಳಿದವರಿಗೆ, ಅದು ಬೇರೆ ಯಾರೋ ಅಕ್ಕ ಎಂದು ಹೇಳು. ನಿನಗೆ ಕೈ ಮುಗಿಯುತ್ತೇನೆ.

ಅನಿತ

*

ಹಾಸ್ಟೆಲ್
3 ಮಾರ್ಚ್ 2026

ಅನಿತ,

ಅಕ್ಕ ಎನ್ನಬೇಡ ಎಂದೆ, ಬಿಟ್ಟೆ.

ಬಾ. ನನ್ನ ಮಂಚದ ಪಕ್ಕದ ಮಂಚ ಖಾಲಿ ಇದೆ. ಎಷ್ಟು ಜನರನ್ನು ತೆಗೆದುಕೊಳ್ಳುತ್ತಾರೆ ಎಂದು ನನಗೆ ಗೊತ್ತಿಲ್ಲ. ಯಾರಿಗೂ ಏನೂ ಹೇಳುವುದಿಲ್ಲ, ಅಮ್ಮನ ಆಣೆ.

ಇಲ್ಲಿ ಬಿಸಿಲು ಜಾಸ್ತಿ, ಟೋಪಿ ತಾ. ಓಡುವ ಮೊದಲು ಬೆಲ್ಲದ ನೀರು ಕುಡಿಯಬೇಡ, ನಿನಗೆ ವಾಂತಿಯಾಗುತ್ತದೆ.

ರಂಜಿತ

*

ಹಾಸ್ಟೆಲ್
17 ಮೇ 2026

ಅಕ್ಕಾ,

ಮೂರು ಸಲ ಬರೆದು ಹರಿದೆ.

ನೀನು ಓಡಿದ್ದನ್ನು ನೋಡಿದೆ. ನೀನು ರಜನಿಯನ್ನೂ ಹಿಂದೆ ಹಾಕಿದೆ. ಮೇಡಂ ಎದ್ದು ನಿಂತು ಚಪ್ಪಾಳೆ ಹೊಡೆದರು, ಅವರು ಹಾಗೆ ನಿಂತದ್ದನ್ನು ನಾನು ಎಂದೂ ನೋಡಿಲ್ಲ. ಎಲ್ಲರೂ ನೀನೇ ಮೊದಲನೆಯ ಹೆಸರು ಎಂದರು. ಆಮೇಲೆ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ ಎಂದಾಗ ನನಗೂ ಎದೆ ಒಡೆಯಿತು. ಎರಡು ವರ್ಷ ಯಾವ ಕೂಟದಲ್ಲೂ ಓಡುವ ಹಾಗಿಲ್ಲ ಎಂದು ಬರೆದರಂತೆ. ಆರು ದಿನಕ್ಕೆ ಎರಡು ವರ್ಷ. ತುಂಬಾ ಅನ್ಯಾಯ.

ನೀನು ನನ್ನ ಮೇಲೆ ಅನುಮಾನ ಪಟ್ಟಿದ್ದೀಯ ಎಂದು ಅಮ್ಮ ಫೋನಿನಲ್ಲಿ ಹೇಳಿದಳು. ಮೇಡಂ ನನ್ನನ್ನು ಕರೆದು ಕೇಳಿದ್ದು ನಿಜ. ನಾನು ಏನೂ ಗೊತ್ತಿಲ್ಲ ಎಂದೆ. ಆಮೇಲೆ ಅವರೇ ಮನೆಗೆ ಫೋನು ಮಾಡಿದರು, ಫೋನು ಎತ್ತಿದ್ದು ಅಜ್ಜಿ. ಮೊಮ್ಮಗಳ ನಕ್ಷತ್ರ ಯಾವುದು ಎಂದು ಕೇಳಿದಾಗ, ಅಜ್ಜಿಯೇ ಹಸ್ತಾ ಎಂದುಬಿಟ್ಟಳಂತೆ. ಪಂಚಾಂಗ ತೆಗೆದು ನೋಡಿದರೆ ಜನವರಿ ಮೂರಕ್ಕೆ ಮೂಲಾ. ಅಲ್ಲಿಗೆ ಎಲ್ಲ ಹೊರಬಿತ್ತು. ಅಜ್ಜಿಯನ್ನು ಬೈಯಬೇಡ, ಪಾಪ, ವಯಸ್ಸಾಗಿದೆ.

ಜೂನಿನಲ್ಲಿ ಒಂದು ವಾರ ರಜಾ. ನಿನ್ನನ್ನು ನೋಡಲು ಬರಲಾ?

ನಿನ್ನ ರಂಜಿತ

*

ಹೋಳೂರು
7 ಜೂನ್ 2026

ರಂಜಿತ,

ಊರು ಬದಲಾಗಿರುವುದು ಮೇಲೆ ನೋಡಿದರೆ ಗೊತ್ತಾಗುತ್ತದೆ. ಹುಳು ಮನೆಯಲ್ಲಿದ್ದೇನೆ. ಹುಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದಿವೆ, ಸೊಪ್ಪು ಹಾಕಿದಷ್ಟೂ ಸಾಲದು, ಕೂತು ಬರೆಯಲು ಪುರುಸೊತ್ತಿಲ್ಲ. ಆದರೂ ಇದೊಂದು ಕಾಗದ ಬರೆಯಲೇಬೇಕು.

ಸುಳ್ಳು ನನ್ನದು. ಸಿಕ್ಕಿಬಿದ್ದೆ, ಶಿಕ್ಷೆ ಕೊಟ್ಟರು. ಅದರ ಬಗ್ಗೆ ನನ್ನ ತಕರಾರಿಲ್ಲ. ಅಪ್ಪ ನನ್ನ ಮುಖ ನೋಡಿ ಮಾತಾಡುವುದಿಲ್ಲ, ನಾಚಿಕೆಗೆ. ಉಮಾಶಂಕರ್ ಸರ್ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. "ಇನ್ನು ಎರಡು ವರ್ಷ ಕಾದಿದ್ರೆ ನೀನೇ ಎಲ್ಲರನ್ನೂ ಮೀರಿಸ್ತಿದ್ದೆ ಕಣಮ್ಮ" ಎಂದು ಹೇಳಿ ಸೈಕಲ್ ಹತ್ತಿ ಹೋದರು. ಆ ಎರಡು ವರ್ಷವೇ ಈಗ ಕೈಬಿಟ್ಟಿತು.

ಅಜ್ಜಿ ನನ್ನ ಕಾಲು ಹಿಡಿಯಲು ಬಂದಳು. ನಮ್ಮಜ್ಜಿ, ರಂಜಿತ! "ಹುಟ್ಟುವಾಗಲೂ ನಾನೇ ಕೆಡಿಸಿದೆ, ಈಗಲೂ ನಾನೇ ಕೆಡಿಸಿದೆ, ನಾ ನಾಲಿಗೆ ಕಾಲಾ, ಸುಟ್ಟುಹೋಗ್ಲಿ ಈ ನಾಲಿಗೆ" ಎಂದು ಗೋಳಾಡಿದಳು. ಎರಡು ವಾರದಿಂದ ಸರಿಯಾಗಿ ಉಣ್ಣುತ್ತಿಲ್ಲ. ನೀನು ಅವಳನ್ನು ಬೈಯಬೇಡ ಎಂದು ಬರೆದಿದ್ದೀಯ. ಬೈಯಲಿಲ್ಲ.

ಚಂದನ ಮೇಡಂ ಮೊನ್ನೆ ಉಮಾಶಂಕರ್ ಸರ್‌ಗೆ ಫೋನು ಮಾಡಿದ್ದರು. ಹುಡುಗಿಯನ್ನು ಓಡುವುದು ಬಿಡಿಸಬೇಡಿ, ಇಂಥ ಕಾಲು ನೋಡಿಲ್ಲ ಎಂದರಂತೆ. ಮಾತಿಗೆ ಮಾತು ಬಂದು ಇನ್ನೂ ಕೆಲವು ವಿಷಯ ಹೇಳಿದರು. ನಿನ್ನ ಮೊಣಕಾಲಿಗೆ ಏನೂ ಆಗಿಲ್ಲವಂತೆ. ಉಳಿದವರು ಬೆಳೆದರು, ನೀನು ಅಲ್ಲೇ ನಿಂತೆ, ಒಂದು ವರ್ಷದಿಂದ ನಿನ್ನನ್ನು ತಂಡಕ್ಕೇ ಹಾಕಿಲ್ಲವಂತೆ. ಏಪ್ರಿಲಿನಲ್ಲಿ ಬೇಕಾಗಿದ್ದದ್ದು ಒಬ್ಬಳೇ ಓಟಗಾರ್ತಿ, ಅವಳು ಬಂದರೆ ಹಳಬರಲ್ಲಿ ಕೊನೆಯವಳು ಮನೆಗೆ ಹೋಗಬೇಕಿತ್ತಂತೆ. ಕೊನೆಯವಳು ನೀನು, ನನ್ನನ್ನು ಬಿಟ್ಟರೆ ನಿನ್ನನ್ನು ಮೀರಿದ ಹೊಸಬರು ಯಾರೂ ಇರಲಿಲ್ಲವಂತೆ. ಮಾರ್ಚಿಯಲ್ಲೇ ನಿನಗೆ ಹೇಳಿದ್ದರಂತೆ. ನನಗೆ ನೀನು ಟೋಪಿ ತಾ ಎಂದು ಬರೆದೆ.

ಅದನ್ನು ಬರೆದಿದ್ದರೆ ನಾನು ಬರದೆ ಇರುತ್ತಿದ್ದೆನೇ? ಗೊತ್ತಿಲ್ಲ. ಬರುತ್ತಿದ್ದೆ ಅನ್ನಿಸುತ್ತದೆ. ನಿನ್ನ ಜಾಗ ಹೋದರೂ ಬರುತ್ತಿದ್ದೆ. ಆದ್ದರಿಂದ ನೀನು ಹೆದರಿದ್ದನ್ನು ನಾನು ತಪ್ಪು ಎನ್ನುವುದಿಲ್ಲ. ನೇರವಾಗಿ ಹೋಗಿ, ಇವಳು ಡಿಸೆಂಬರಿನವಳು ಎಂದು ನಿನ್ನ ಬಾಯಲ್ಲೇ ಹೇಳಿದ್ದರೆ, ಒಂದು ದಿನ ನಿನ್ನ ಜುಟ್ಟು ಹಿಡಿದು ಜಗಳವಾಡಿ ಮರೆತುಬಿಡುತ್ತಿದ್ದೆ.

ಆದರೆ ಓಟದ ಶಾಲೆಯಲ್ಲಿ ನಕ್ಷತ್ರ ಯಾರು ಕೇಳುತ್ತಾರೆ ಎಂದು ನಾನು ಯೋಚಿಸುತ್ತಲೇ ಇದ್ದೆ. ಮೇಡಂ ಅದನ್ನೂ ಹೇಳಿದರು. ಅವರು ನಿನ್ನನ್ನು ಕರೆಯಲಿಲ್ಲ, ಏನೂ ಕೇಳಲಿಲ್ಲ. ಅವರಿಗೆ ಅನುಮಾನವೇ ಇರಲಿಲ್ಲ. ನೀನಾಗಿ ಅವರ ಕೋಣೆಗೆ ಹೋದೆಯಂತೆ. ನಿನ್ನ ಹೆಸರು ಹೊರಗೆ ಬರಬಾರದು ಎಂದೆಯಂತೆ. ಅಪ್ಪ ಅಮ್ಮನನ್ನು ಕೇಳಿದರೆ ಜನವರಿ ಅಂತಲೇ ಹೇಳುತ್ತಾರೆ, ಅಜ್ಜಿಗೆ ಫೋನು ಮಾಡಿ ನಕ್ಷತ್ರ ಕೇಳಿ, ಅವಳಿಗೆ ಅದೊಂದರಲ್ಲಿ ಸುಳ್ಳು ಹೇಳಲು ಬರುವುದಿಲ್ಲ ಎಂದೆಯಂತೆ.

ಅನಿತ